ಗುಜರಿಗೆ ಹೋಗಬೇಕಿದ್ದ ಬಾಂಬರ್‌ಗಳು ಬೆಂಗಳೂರಿಗೆ ಹಾರಿ ಬಂದ ಕಥೆ

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್‌ನಲ್ಲಿ ಕೂತು ಇದನ್ನ ಕೇಳ್ತಿದ್ದೀರಾ? ಹಾಗಿದ್ರೆ ಪಕ್ಕದ ಕಾಂಪೌಂಡ್ ಒಮ್ಮೆ ನೋಡಿ. ಆ ಎಚ್‌ಎಎಲ್ ಒಂದು ಕಾಲಕ್ಕೆ ಅಮೆರಿಕದ ಸೇನೆಯ ಕೈಯಲ್ಲಿತ್ತು!

1940ರ ಡಿಸೆಂಬರ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದ್ರು. ವಿಮಾನ ಕಟ್ಟಬೇಕು ಅನ್ನೋದು ಅವರ ಆಸೆ. ಆದ್ರೆ 1942ರಲ್ಲಿ ಜಪಾನ್ ಸೇನೆ ಬರ್ಮಾ ಹಿಡಿದ ಮೇಲೆ ಲೆಕ್ಕ ಬದಲಾಯ್ತು. ಹೊಸ ವಿಮಾನಕ್ಕಿಂತ ಕೆಟ್ಟು ನಿಂತ ವಿಮಾನದ ರಿಪೇರಿ ಮುಖ್ಯವಾಯ್ತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಗೆ ಹೋಯ್ತು. ಅದು 84ನೇ ಏರ್ ಡಿಪೋ ಆಯ್ತು. ನೀರಿನ ಮೇಲೆ ಇಳಿಯೋ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬರ್ತಿದ್ವು. ಹೌದು, ಈಗ ನೊರೆಗೆ ಹೆಸರಾದ ಅದೇ ಕೆರೆ! ಅಲ್ಲಿಂದ ಅವನ್ನ ಎಳ್ಕೊಂಡು ಬಂದು ಇಲ್ಲಿ ಬಿಚ್ಚಿ ಜೋಡಿಸ್ತಿದ್ರು.

ಯುದ್ಧ ಮುಗೀತು, ಅಮೆರಿಕನ್ನರು ಹೊರಟ್ರು, ಡಿಪೋ ಮುಚ್ಚಿತು. ರಿಪೇರಿಗೆ ವಿಮಾನ ಕಡಿಮೆಯಾದಾಗ ಕಾರ್ಖಾನೆ ರೈಲು ಬೋಗಿ ಮಾಡೋಕೂ ಇಳೀತು. ಆದ್ರೆ ಕೆಲಸಗಾರರ ಕೈಗೆ ಹತ್ತಿದ್ದ ಕಸುಬು ಎಲ್ಲಿಗೂ ಹೋಗಲಿಲ್ಲ.

ಅದು ಉಪಯೋಗಕ್ಕೆ ಬಂದದ್ದು 1948ರಲ್ಲಿ. ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು, ಭಾರತದ ಹತ್ತಿರ ಭಾರೀ ಬಾಂಬರ್ ಇರಲಿಲ್ಲ. ಕಾನ್ಪುರದ ಚಕೇರಿಯಲ್ಲಿ ಮಾತ್ರ ಯುದ್ಧಕಾಲದ ಲಿಬರೇಟರ್‌ಗಳು ಸಾಲಾಗಿ ಬಿದ್ದಿದ್ವು. ನಾಲ್ಕು ಎಂಜಿನ್‌ನ ದೈತ್ಯ ವಿಮಾನಗಳವು. ಬ್ರಿಟನ್‌ಗೆ ಅಮೆರಿಕ ಅವನ್ನ ಕೊಟ್ಟಿದ್ದು ಲೆಂಡ್-ಲೀಸ್ ಒಪ್ಪಂದದಲ್ಲಿ. ಯುದ್ಧದ ನಂತರ ಅವನ್ನ ಬೇರೆಯವರು ಬಳಸೋ ಹಾಗಿರಲಿಲ್ಲ. ಹಾಗಾಗಿ ಬ್ರಿಟಿಷರು ಬೇಕಂತಲೇ ಜಖಂ ಮಾಡಿ, ಎಂಜಿನ್‌ಗೆ ಮರಳು ಸುರಿದು ಬಿಟ್ಟುಹೋಗಿದ್ರು.

ಎಚ್‌ಎಎಲ್ ತಂಡ ಕಾನ್ಪುರಕ್ಕೆ ಹೋಯ್ತು. ಒಂದರ ಬಿಡಿಭಾಗ ತೆಗೆದು ಇನ್ನೊಂದಕ್ಕೆ ಹಾಕಿ, ಬೆಂಗಳೂರು ಮುಟ್ಟೋವಷ್ಟು ಮಾತ್ರ ಸರಿಮಾಡ್ತು. ಅವನ್ನ ಹಾರಿಸ್ಕೊಂಡು ಬಂದವರು ಕಂಪನಿಯ ಪೈಲಟ್ ಜಮ್ಶೆಡ್ ಮುನ್ಶಿ. ಜಖಂ ಆಗಿ ಬಿದ್ದಿದ್ದ ವಿಮಾನದಲ್ಲಿ ಅಷ್ಟು ದೂರ, ಅದೂ ಮತ್ತೆ ಮತ್ತೆ! ಹೀಗೆ ಸುಮಾರು 40 ಲಿಬರೇಟರ್ ಬಂದ್ವು. ಇಲ್ಲಿ ಪೂರ್ತಿ ರಿಪೇರಿಯಾಗಿ, 1948ರ ನವೆಂಬರ್‌ನಿಂದ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದ್ವು. 1968ರವರೆಗೂ ಹಾರಿದ್ವು.

ಈ ಕಥೆಗೊಂದು ಬಾಲ ಇದೆ. ಬ್ರಿಟನ್ ತನ್ನ ಲಿಬರೇಟರ್‌ಗಳನ್ನೆಲ್ಲ ಗುಜರಿಗೆ ಹಾಕ್ತು. ಆಮೇಲೆ ಅಲ್ಲಿನ ಆರ್‌ಎಎಫ್ ಮ್ಯೂಸಿಯಂಗೆ ಒಂದು ಬೇಕಾಯ್ತು. ಎಲ್ಲಿಂದ ಸಿಕ್ತು ಗೊತ್ತಾ? ಭಾರತದಿಂದ. ಕೆ.ಎನ್. 751 ಅನ್ನೋ ವಿಮಾನವನ್ನ 1974ರಲ್ಲಿ ನಮ್ಮ ವಾಯುಪಡೆ ಅವರಿಗೆ ಉಡುಗೊರೆಯಾಗಿ ಕೊಟ್ಟಿತು.