ಆನೈಮಲೈ: ಮಳೆ ಮತ್ತು ಭೂಕುಸಿತ

ಆನೈಮಲೈ ಬೆಟ್ಟಸಾಲು ತಮಿಳುನಾಡಿನ ಕೊಯಮತ್ತೂರು ಹಾಗೂ ತಿರುಪ್ಪೂರು ಜಿಲ್ಲೆಗಳಲ್ಲಿ ಹರಡಿದೆ. ಇಲ್ಲಿನ ವಾಲ್ಪಾರೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಧಾರಾಕಾರವಾಗಿ ಸುರಿಯುತ್ತದೆ. ಪೂರ್ವಕ್ಕಿರುವ ಉಡುಮಲೈಪೇಟೆ ಬಯಲು ಮಳೆನೆರಳಿನಲ್ಲಿದೆ. ಅಲ್ಲಿನ ಹೊಲಗಳಿಗೆ ಪರಂಬಿಕುಲಂ-ಆಳಿಯಾರ್ ಯೋಜನೆಯ ಮೂಲಕ ಬೆಟ್ಟದ ನೀರೇ ಆಧಾರ.

ಮಳೆ ಮಿತಿಮೀರಿದಾಗ ಬೆಟ್ಟದ ನಿವಾಸಿಗಳು ಅದರ ಬೆಲೆ ತೆರುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ವಾಲ್ಪಾರೈ ಬಳಿಯ ಶೋಲಯಾರ್ ಅಣೆಕಟ್ಟು ಪ್ರದೇಶದಲ್ಲಿ ಮನೆಯ ಮೇಲೆ ಮಣ್ಣು ಕುಸಿದು ಅಜ್ಜಿ ಮತ್ತು ಮೊಮ್ಮಗಳು ಮೃತಪಟ್ಟರು. ಅದೇ ರಾತ್ರಿ ಕೇರಳದ ವಯನಾಡಿನಲ್ಲಿ ಭೂಕುಸಿತಕ್ಕೆ 200ಕ್ಕೂ ಹೆಚ್ಚು ಮಂದಿ ಬಲಿಯಾದರು. ಹವಾಮಾನ ಬದಲಾವಣೆಯಿಂದ ವಯನಾಡಿನ ಆ ಮಳೆಯ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚಿತ್ತೆಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು ಅಂದಾಜಿಸಿದ್ದಾರೆ. ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ತೇವಾಂಶ ಹಿಡಿದಿಟ್ಟುಕೊಳ್ಳುತ್ತದೆ.