ಬಯಲ ಚಿತ್ರವೂ ಬೆಳಕಿನ ಪಟವೂ

ಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಮನೆಗಳನ್ನೂ ದೇವಾಲಯಗಳನ್ನೂ ಆಶ್ರಯಿಸಿದ್ದ ಮಹಾಶಿಲ್ಪಿಗಳ, ಚಿತ್ರಕಾರರ ಕಥೆಯನ್ನೇ ಹೇಳುವರು. ಹೊಟ್ಟೆಪಾಡಿಗಾಗಿ ಅಲ್ಲದೆ ಬಿಡುವಿನ ವೇಳೆಯಲ್ಲಿ ಮನಸ್ಸಂತೋಷಕ್ಕಾಗಿ ಕಲೆಯನ್ನು ಕೈಕೊಂಡವರಿಗೆ ಆ ಚರಿತ್ರೆಯಲ್ಲಿ ಸ್ಥಳ ದೊರೆಯುವುದು ಅಪೂರ್ವ. ಆದರೆ ಬಯಲಿನಲ್ಲಿ ಕುಳಿತು ನಿಸರ್ಗದೃಶ್ಯಗಳನ್ನು ಬರೆಯುವ ಕಲೆ ಮತ್ತು ಬೆಳಕಿನಿಂದಲೇ ಪಟ ತೆಗೆಯುವ ಕಲೆ, ಇವೆರಡರ ವಿಷಯದಲ್ಲಿ ಹಾಗೆ ಹೇಳಲಾಗದು. ಹವ್ಯಾಸಿಗಳ ದುಡಿಮೆ ಇಲ್ಲಿ ಅಲಂಕಾರಮಾತ್ರವಲ್ಲ. ಕೆಲವೆಡೆ ಅದೇ ಮೂಲ, ಕೆಲವೆಡೆ ಅದೇ ಉಳಿದಿರುವ ಸಾಕ್ಷಿ.

ಛಾಯಾಗ್ರಹಣದ ಒಂದು ಶಾಖೆಯು ಹುಟ್ಟಿದುದೇ ಚಿತ್ರ ಬರೆಯಲಾರದವನೊಬ್ಬನ ಅಸಮಾಧಾನದಿಂದ. 1833ರ ಅಕ್ಟೋಬರಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಆಂಗ್ಲ ಗೃಹಸ್ಥನು ಇಟಲಿಯ ಕೋಮೋ ಸರೋವರದ ತೀರದಲ್ಲಿ ಕುಳಿತು ಅಲ್ಲಿನ ದೃಶ್ಯವನ್ನು ಬರೆದುಕೊಳ್ಳಲು ಯತ್ನಿಸುತ್ತಿದ್ದನು. ಗಾಜಿನ ಪಟ್ಟಕದ ಮೂಲಕ ದೃಶ್ಯವು ಕಾಗದದ ಮೇಲೆ ಬಿದ್ದಂತೆ ತೋರಿಸುವ ಕ್ಯಾಮರಾ ಲೂಸಿಡಾ ಎಂಬ ಉಪಕರಣವು ಅವನ ಬಳಿಯಿತ್ತು. ಆದರೂ ಪೆನ್ಸಿಲು ಅವನ ಮಾತನ್ನು ಕೇಳಲಿಲ್ಲ. ಈ ಬಿಂಬವು ತಾನಾಗಿಯೇ ಕಾಗದದಲ್ಲಿ ನೆಲೆನಿಲ್ಲುವಂತಾದರೆ ಎಷ್ಟು ಚೆನ್ನಾಗಿತ್ತು ಎಂಬ ಆಲೋಚನೆ ಅಲ್ಲಿಯೇ ಅವನಿಗೆ ಹೊಳೆಯಿತು. ಬೆಳ್ಳಿಯ ಲವಣಗಳಿಂದ ಪ್ರಯೋಗ ನಡೆಸಿ, 1835ರಲ್ಲಿ ತನ್ನ ಮನೆಯಾದ ಲೇಕಾಕ್ ಅಬೆಯ ಒಂದು ಕಿಟಕಿಯ ಬಿಂಬವನ್ನು ಪುಟ್ಟ ಕಾಗದದ ಮೇಲೆ ಹಿಡಿದನು. 1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನವು ಲೋಕಪ್ರಸಿದ್ಧವಾಯಿತಷ್ಟೆ; ಆದರೆ ಒಂದು ನೆಗೆಟಿವ್‌ನಿಂದ ಹಲವು ಪ್ರತಿಗಳನ್ನು ತೆಗೆಯುವ ಮಾರ್ಗವು ಟಾಲ್ಬಟನದು. ಅದನ್ನು ಅವನು 1841ರಲ್ಲಿ ಕ್ಯಾಲೊಟೈಪ್ ಎಂಬ ಹೆಸರಿನಿಂದ ಪ್ರಕಟಿಸಿದನು.

ಅದೇ 1841ರಲ್ಲಿ ಚಿತ್ರಕಾರರಿಗೂ ಒಂದು ಚಿಕ್ಕ ವಸ್ತುವಿನಿಂದ ದೊಡ್ಡ ಅನುಕೂಲ ಒದಗಿತು. ಅದುವರೆಗೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ತುಂಬಿಡುತ್ತಿದ್ದರು. ಚುಚ್ಚಿ ಬಣ್ಣ ತೆಗೆದ ಮೇಲೆ ಚೀಲವನ್ನು ಸರಿಯಾಗಿ ಮುಚ್ಚಲಾಗದು. ಪ್ರಯಾಣದಲ್ಲಿ ಒಡೆದರೆ ಬಟ್ಟೆಯೆಲ್ಲ ಬಣ್ಣಮಯ. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ಹಿಂಡುಕೊಳವೆಯನ್ನು ಕಂಡುಹಿಡಿದು ಈ ತೊಡಕನ್ನು ನೀಗಿಸಿದನು. ಪ್ಯಾರಿಸಿನ ಸಮೀಪದ ಫಾಂಟೆನ್‌ಬ್ಲೋ ಅರಣ್ಯದ ಅಂಚಿನಲ್ಲಿರುವ ಬಾರ್ಬಿಜಾನ್ ಗ್ರಾಮಕ್ಕೆ ಕೋರೋ, ರೂಸೋ ಮೊದಲಾದವರು ಅದಕ್ಕೂ ಮುಂಚೆಯೇ ಹೋಗಿ ಮರಬಂಡೆಗಳನ್ನು ನೋಡಿ ಬರೆಯುತ್ತಿದ್ದುದುಂಟು. ಕೊಳವೆಯ ಬಣ್ಣವು ಬಂದ ತರುವಾಯ ಈ ಪದ್ಧತಿಯು ಬಲವಾಗಿ ಹಬ್ಬಿತು. ಬಣ್ಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹೊಲಗದ್ದೆಗಳತ್ತ ನಡೆಯುವುದು ವೃತ್ತಿಗಾರನಿಗೆ ಮಾತ್ರವಲ್ಲದೆ ಸಾಮಾನ್ಯ ಗೃಹಸ್ಥನಿಗೂ ಸಾಧ್ಯವಾಯಿತು.

ಅದೇ ಅರಣ್ಯದಲ್ಲಿ ಕ್ಯಾಮರಾವನ್ನು ನಿಲ್ಲಿಸಿದವರಲ್ಲಿ ಗುಸ್ತಾವ್ ಲ ಗ್ರೇ ಮುಖ್ಯನು. ಇವನು ಮೊದಲು ಚಿತ್ರಕಲೆಯನ್ನು ಅಭ್ಯಾಸಮಾಡಿದವನು. 1851ರಲ್ಲಿ ಇವನು ಪ್ರಕಟಿಸಿದ ವಿಧಾನದಲ್ಲಿ ಕಾಗದಕ್ಕೆ ಮೊದಲೇ ಮೇಣವನ್ನು ಹಚ್ಚಿ ಪಾರದರ್ಶಕವಾಗಿಸುವರು. ಅಂತಹ ಕಾಗದವನ್ನು ಕೆಲವು ದಿನ ಮುಂಚಿತವಾಗಿಯೇ ಸಿದ್ಧಪಡಿಸಿಟ್ಟುಕೊಳ್ಳಬಹುದಾದುದರಿಂದ ದೂರ ಸಂಚರಿಸುವವರಿಗೂ ಉಷ್ಣದೇಶಗಳಲ್ಲಿ ಇರುವವರಿಗೂ ಇದು ವರಪ್ರಾಯವಾಯಿತು.

ಫ್ರಾನ್ಸಿನಲ್ಲಿ ಹುಟ್ಟಿದ ಈ ಮೇಣದ ಕಾಗದವು ಅಲ್ಪಕಾಲದಲ್ಲಿಯೇ ನಮ್ಮ ತುಂಗಭದ್ರೆಯ ದಡವನ್ನು ಸೇರಿತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿಗೆ ಛಾಯಾಗ್ರಹಣವು ಮೆಚ್ಚಿನ ಹವ್ಯಾಸವಾಗಿತ್ತು. ಅವನು 1856ರಲ್ಲಿ ಹಂಪೆಯ ಹಾಳುಗಳ ನಡುವೆ ತನ್ನ ಭಾರವಾದ ಪೆಟ್ಟಿಗೆಯನ್ನು ಹೊರಿಸಿಕೊಂಡು ತಿರುಗಿ, ಬಹುದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳನ್ನು ತೆಗೆದನು. ಆ ಕಾಲದ ಪಟವು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವಂತಹುದಲ್ಲ. ಕಾಗದವನ್ನು ಬೆಳಕಿಗೆ ನಿಮಿಷಗಟ್ಟಲೆ ಒಡ್ಡಬೇಕು. ಬಿಸಿಲು ಯಾವ ಕಂಬದ ಮೇಲೆ ಯಾವ ಹೊತ್ತಿಗೆ ಬೀಳುವುದು, ಕಮಾನಿನ ನೆರಳು ಎಲ್ಲಿಗೆ ಸರಿಯುವುದು ಎಂಬುದನ್ನು ಕಾದು ನೋಡಿ ನಿರ್ಣಯಿಸಬೇಕು. ಈ ತಾಳ್ಮೆಯಲ್ಲಿ ಛಾಯಾಗ್ರಾಹಕನಿಗೂ ಬಯಲ ಚಿತ್ರಕಾರನಿಗೂ ಹೆಚ್ಚಿನ ಅಂತರವಿರಲಿಲ್ಲ.

ಆದಾಗ್ಯೂ ಪಂಡಿತರ ಲೋಕದಲ್ಲಿ ಕಲಹವೆದ್ದಿತು. ಯಂತ್ರವು ತೆಗೆದುದು ಕಲೆಯಾಗುವುದೆಂತು? 1859ರಲ್ಲಿ ಫ್ರೆಂಚ್ ಕವಿ ಬೋದಲೇರನು ಛಾಯಾಗ್ರಹಣವನ್ನು ಕಟುವಾಗಿ ಟೀಕಿಸಿದನು. ಅದು ವಿಜ್ಞಾನ ಕಲೆಗಳ ಊಳಿಗದಲ್ಲಿದ್ದರೆ ಸಾಕೆಂಬುದು ಅವನ ಮತ. ಆದರೆ ಕಾಲವು ಬೇರೊಂದು ಉತ್ತರವನ್ನು ಕೊಟ್ಟಿತು. 1874ರಲ್ಲಿ ಮೋನೇ ಮೊದಲಾದ ಬಯಲ ಚಿತ್ರಕಾರರು ತಮ್ಮ ಮೊದಲನೆಯ ಸ್ವತಂತ್ರ ಪ್ರದರ್ಶನವನ್ನು ಏರ್ಪಡಿಸಿದುದು ಪ್ಯಾರಿಸಿನಲ್ಲಿ ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ! ರೂಪವನ್ನು ಯಥಾವತ್ತಾಗಿ ಹಿಡಿದಿಡುವ ಹೊರೆಯಲ್ಲಿ ಯಂತ್ರವು ಪಾಲು ಪಡೆದುದರಿಂದ, ಕುಂಚವು ಬೆಳಕಿನ ಕ್ಷಣಿಕ ಬಣ್ಣಗಳನ್ನು ಅರಸುವ ಸ್ವಾತಂತ್ರ್ಯವನ್ನು ಪಡೆಯಿತೆನ್ನಬಹುದು.

1888ರಲ್ಲಿ ಜಾರ್ಜ್ ಈಸ್ಟ್‌ಮನ್ನನ ಕೊಡಾಕ್ ಪೆಟ್ಟಿಗೆಯು ಬಂದಿತು. ಅದರೊಳಗೆ 100 ಪಟಗಳಿಗೆ ಸಾಲುವ ಸುರುಳಿಯಿರುತ್ತಿತ್ತು. ಮುಗಿದ ಬಳಿಕ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಪಟಗಳು ಸಿದ್ಧವಾಗಿ ಬರುತ್ತಿದ್ದವು. ಹವ್ಯಾಸವು ಮನೆಮನೆಗೆ ಹಬ್ಬಿತು. ಆದರೆ ಸುಲಭವಾದುದೆಲ್ಲವೂ ಸುಂದರವಾಗುವುದಿಲ್ಲ. ವೈದ್ಯವಿದ್ಯೆಯನ್ನು ಓದಿದ್ದ ಪೀಟರ್ ಹೆನ್ರಿ ಎಮರ್ಸನ್ ಎಂಬವನು ಇಂಗ್ಲೆಂಡಿನ ನಾರ್ಫೋಕ್ ಜವುಗುನಾಡಿನ ಬೆಸ್ತರನ್ನೂ ಜೊಂಡು ಕೊಯ್ಯುವವರನ್ನೂ ಚಿತ್ರಿಸಿ, ಛಾಯಾಗ್ರಾಹಕನೂ ಪ್ರಕೃತಿಯ ಮುಂದೆ ಶಿಷ್ಯನಂತೆ ನಿಲ್ಲಬೇಕೆಂದು 1889ರ ತನ್ನ ಗ್ರಂಥದಲ್ಲಿ ವಾದಿಸಿದನು.

ಈಗ ಹಂಪೆಗೆ ಹಿಂದಿರುಗೋಣ. ಗ್ರೀನ್‌ಲಾನ ಪಟವೊಂದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುವುದು. ಇಂದು ಆ ಶಿಖರವಿಲ್ಲ. ಆತನ ಹವ್ಯಾಸವಿಲ್ಲದಿದ್ದರೆ ಅದರ ಆಕಾರವನ್ನು ಇಷ್ಟು ನಿಶ್ಚಯವಾಗಿ ಅರಿಯುವುದು ನಮಗೆ ದುರ್ಲಭವಾಗುತ್ತಿತ್ತು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಅದೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದುದರಿಂದ, ಉಳಿದುದೆಷ್ಟು, ಅಳಿದುದೆಷ್ಟು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸೌಕರ್ಯವಾಯಿತು.

ಕುಂಚದ ಸಾಕ್ಷಿಯೂ ನಮ್ಮಲ್ಲಿ ಇಲ್ಲದಿಲ್ಲ. ಸ್ವಾತಂತ್ರ್ಯದ ಹೋರಾಟದಲ್ಲಿ ಭಾಗಿಗಳಾಗಿ ಸಾರ್ವಜನಿಕ ಜೀವನದಲ್ಲಿ ದುಡಿದಿದ್ದ ರುಮಾಲೆ ಚನ್ನಬಸವಯ್ಯನವರು (1910–1988), ಬಳಿಕ ಕಲೆಗೇ ಮನಸ್ಸನ್ನು ಅರ್ಪಿಸಿ, ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನು ಬಯಲಿನಲ್ಲಿಯೇ ಕುಳಿತು ಬರೆದರು. ಅವರನ್ನು ಹವ್ಯಾಸಿಗಳೆನ್ನುವುದು ಸಲ್ಲದು. ಆದರೆ ಯಾವ ಪ್ರೀತಿಯಿಂದ ಹವ್ಯಾಸವು ಹುಟ್ಟುವುದೋ ಆ ಪ್ರೀತಿಯೇ ಅವರ ಬಣ್ಣಗಳಲ್ಲಿದೆ. ನಗರವು ಬೆಳೆದು ಮರಗಳು ಉರುಳಿದಂತೆಲ್ಲ ಆ ಚಿತ್ರಗಳ ಬೆಲೆಯು ಹೆಚ್ಚುತ್ತಿದೆ.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾವಿದೆ. ಬಣ್ಣದ ಪೆಟ್ಟಿಗೆಯೂ ದುರ್ಲಭವಲ್ಲ. ಕಡಮೆಯಾಗಿರುವುದು ಒಂದೆಡೆ ನಿಂತು ನೋಡುವ ವ್ಯವಧಾನ. ನಮ್ಮ ಜಿಲ್ಲೆಗಳ ಕೆರೆಯ ಏರಿಗಳು, ಹಳೆಯ ಮಂಟಪಗಳು, ಗುಂಡುತೋಪುಗಳು ದಿನದಿನಕ್ಕೂ ರೂಪಾಂತರ ಹೊಂದುತ್ತಿವೆ. ಬಿಡುವಿನ ಭಾನುವಾರಗಳಲ್ಲಿ ಇವುಗಳ ಮುಂದೆ ಕುಳಿತು ಬರೆಯುವ ತರುಣನೂ, ಊರು ದಿನಾಂಕಗಳನ್ನು ಗುರುತಿಸಿ ಪಟ ತೆಗೆದಿಡುವ ಗೃಹಿಣಿಯೂ ತಮಗೆ ಸಂತೋಷವನ್ನೂ ಮುಂದಿನವರಿಗೆ ಚರಿತ್ರೆಯನ್ನೂ ಒಟ್ಟಿಗೆ ಸಂಪಾದಿಸುವರು. ವಿದ್ಯಾವಂತರ ಮನೆಗಳಲ್ಲಿ ಇಂತಹ ಹವ್ಯಾಸಕ್ಕೆ ಪ್ರೋತ್ಸಾಹ ದೊರೆಯಲಿ.