ಮುಳುಗಿದವನಿಗೂ ಚಳಿಯಿದೆ

ಸಿಗರೇಟು ಬಿಟ್ಟು ನಲವತ್ಮೂರು ದಿನವಾಗಿತ್ತು. ನೆಂಟರ ಮದುವೆ. ಛತ್ರದ ಹಿಂಭಾಗದಲ್ಲಿ, ಉಂಡ ಬಾಳೆಎಲೆಗಳು ಗುಡ್ಡೆಬಿದ್ದಿದ್ದ ಕಡೆ, ಹಳೆಯ ಗೆಳೆಯನೊಬ್ಬ ಒಂದು ಚಾಚಿದ. ಸೇದಿದೆ. ರುಚಿಯೇನೂ ಹತ್ತಲಿಲ್ಲ, ತಲೆ ಸುತ್ತಿತು ಅಷ್ಟೆ. ಅನಾಹುತವಾದದ್ದು ಅಲ್ಲಲ್ಲ, ಮಾರನೆಯ ಬೆಳಿಗ್ಗೆ ಗೂಡಂಗಡಿಯ ಮುಂದೆ. ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರ್ ಗಾಳಿಗೆ ತೂಗುತ್ತಿತ್ತು. ಹೇಗೂ ಕೆಟ್ಟಾಯ್ತಲ್ಲ ಅಂದುಕೊಂಡು ಇಡೀ ಪ್ಯಾಕನ್ನೇ ಕೊಂಡೆ. 'ಮುಳುಗಿದವನಿಗೆ ಚಳಿಯೇನು, ಮಳೆಯೇನು' ಎಂಬ ಗಾದೆಯನ್ನು ನಮ್ಮಲ್ಲಿ ಮೊದಲು ಆಡಿದವರು ಯಾರೋ, ಚಟದ ಮನಶ್ಶಾಸ್ತ್ರದ ಬಲು ಮುಖ್ಯವಾದ ಸಂಗತಿಯೊಂದನ್ನು ಆಗಲೇ ಕಂಡಿದ್ದರು. ಪ್ರಯೋಗಶಾಲೆಗಳಿಗೆ ಅದು ಕಾಣಲು 1970ರ ದಶಕ ಬರಬೇಕಾಯಿತು.

ಅದಕ್ಕೆ ಮುಂಚಿನ ಸುಮಾರು ಇನ್ನೂರು ವರ್ಷ ವಾದ ನಡೆದದ್ದು ಬೇರೆ ಪ್ರಶ್ನೆಯ ಮೇಲೆ: ಇದು ಪಾಪವೋ, ಕಾಯಿಲೆಯೋ? 1784ರಲ್ಲಿ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್, ಕಟುಮದ್ಯದ ದುಷ್ಪರಿಣಾಮಗಳ ಮೇಲೆ ಒಂದು ಕಿರುಹೊತ್ತಗೆ ಬರೆದು ಕುಡಿತವನ್ನು ರೋಗಗಳ ಸಾಲಿಗೆ ತಂದ. 1804ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಥಾಮಸ್ ಟ್ರಾಟರ್, ಕುಡಿತದ ಅಭ್ಯಾಸ ಮನಸ್ಸಿನ ಕಾಯಿಲೆ ಎಂದೇ ವಾದಿಸಿದ. 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರ ಸಂಘ ಕಟ್ಟಿದರು. ಕಾಯಿಲೆ ಎಂದಾಗ ಕುಡಿಯುವವನ ಮೇಲಿನ ಕಳಂಕ ಒಂದಿಷ್ಟು ಇಳಿಯಿತು, ಸರಿ. ಬಿಟ್ಟ ದಿನಗಳನ್ನು ಒಂದೊಂದಾಗಿ ಎಣಿಸುವ ಅವರ ಪದ್ಧತಿ ಲಕ್ಷಾಂತರ ಜನರನ್ನು ಎತ್ತಿ ನಿಲ್ಲಿಸಿದ್ದೂ ಹೌದು. ಆದರೆ ಒಂದು ಗುಟುಕು ಒಳಗೆ ಹೋದರೆ ಲೆಕ್ಕ ಮತ್ತೆ ಸೊನ್ನೆಯಿಂದ. ನಮ್ಮ ಮನೆಗಳಲ್ಲಿ ಇದೇ ಲೆಕ್ಕಕ್ಕೆ ಆಣೆ ಎಂಬ ಹೆಸರು. ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಮನೆದೇವರ ಹೆಸರು ಹಿಡಿದು ಹಾಕಿದ ಆಣೆ ಮುರಿದ ದಿನ, ಗಂಡಸು ಮನೆಗೆ ಬರದೆ ಇನ್ನಷ್ಟು ಕುಡಿದು ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದನ್ನು ಹಳ್ಳಿಯಲ್ಲಿ ಬೆಳೆದ ಯಾರೂ ಕಂಡಿಲ್ಲ ಎನ್ನಲಾರರು. ಅವನನ್ನು ಅಲ್ಲಿ ಮಲಗಿಸಿದ್ದು ಹೆಂಡವೊಂದೇ ಅಲ್ಲ.

ದಿಕ್ಕು ತಿರುಗಿದ್ದು ಸ್ವಲ್ಪ ಅನಿರೀಕ್ಷಿತ ಜಾಗದಲ್ಲಿ. ಅದು ಹೆಂಡದ ಮಾತಲ್ಲ, ಕೈ ತೊಳೆಯುವ ಗೀಳಿನದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ವರದಿ ಪ್ರಕಟಿಸಿದ. ಗೀಳು ಕಾಯಿಲೆಗೆ ಆ ಕಾಲದ ಯಾವ ಚಿಕಿತ್ಸೆಯೂ ನೆಟ್ಟಗೆ ನಾಟುತ್ತಿರಲಿಲ್ಲ. ಮೇಯರ್ ಮಾಡಿದ್ದು ಇಷ್ಟು: ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಭಯ ಹುಟ್ಟಿಸುವ ವಸ್ತುಗಳನ್ನು ಮುಟ್ಟಿಸಿ, ಆಮೇಲೆ ತೊಳೆಯಲು ಬಿಡದಿರುವುದು. ಎಚ್ಚರವಿರುವಷ್ಟು ಹೊತ್ತೂ ನರ್ಸುಗಳ ಕಾವಲು, ಕೋಣೆಯ ನಲ್ಲಿ ಬಂದ್. ಕೇಳಲು ಒರಟು ಎನಿಸುತ್ತದೆ. ಆದರೆ ತೊಳೆಯದಿದ್ದರೆ ಏನೋ ಆಗಿಬಿಡುತ್ತದೆ ಎಂಬ ಭಯ ಏರಿ, ಏರಿ, ಯಾರೂ ಏನೂ ಮಾಡದೆಯೇ ಇಳಿಯಿತು.

ಆ ಇಳಿತವನ್ನೇ ಹಿಡಿದು ಅಳೆದವರು ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಜೊತೆಗಾರರು, 1976ರಲ್ಲಿ. ರೋಗಿಯ ತುಡಿತವನ್ನು ಕೆಣಕಿ, ಆಚರಣೆಗೆ ಅವಕಾಶ ಕೊಡದೆ, ಮತ್ತೆ ಮತ್ತೆ ಕೇಳುತ್ತ ಕೂರುವುದು: ಈಗೆಷ್ಟಿದೆ? ಈಗ? ಒತ್ತಡ ತಾನಾಗಿಯೇ ಕರಗುತ್ತದೆ ಎಂಬುದು ಅಂಕಿಗಳಲ್ಲಿ ಕಂಡಿತು. ಈ ತಂಡದಲ್ಲಿದ್ದ ಪದ್ಮಲ್ ಡಿ ಸಿಲ್ವ ಸಿಂಹಳದವರು. ಬೇಡದ ಯೋಚನೆಗಳನ್ನು ನಿಭಾಯಿಸಲು ಪ್ರಾಚೀನ ಬೌದ್ಧ ಗ್ರಂಥಗಳು ಹೇಳುವ ಉಪಾಯಗಳಿಗೂ ಆಧುನಿಕ ವರ್ತನಾ ಚಿಕಿತ್ಸೆಗೂ ಎಷ್ಟು ಹತ್ತಿರದ ನಂಟಿದೆ ಎಂದು ಮುಂದೆ ಬರೆದವರೂ ಅವರೇ. ತುಡಿತವನ್ನು ತಳ್ಳಿಹಾಕಲು ಹೋದರೆ ಏನಾಗುತ್ತದೆ ಎಂಬುದನ್ನು 1987ರಲ್ಲಿ ಡೇನಿಯಲ್ ವೆಗ್ನರ್ ಇನ್ನೂ ಸರಳವಾಗಿ ತೋರಿಸಿದ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಆಮೇಲೆ ನೆನೆಯಲು ಬಿಟ್ಟಾಗ ಕರಡಿ ಇನ್ನಷ್ಟು ಜೋರಾಗಿ ಬಂತು. ಮದ್ದು ಕುಡಿಯುವಾಗ ಮಂಗನನ್ನು ನೆನೆಸಬೇಡ ಎಂಬ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಇನ್ನು ನನ್ನ ಪ್ಯಾಕಿನ ಕಥೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್, ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮಿನ ರುಚಿ ನೋಡಲು ಕೂರಿಸಿದರು. ಹೊಟ್ಟೆ ತುಂಬಿದವರು ಕಡಿಮೆ ತಿನ್ನಬೇಕು. ಸಾಮಾನ್ಯರು ಹಾಗೇ ಮಾಡಿದರು. ಸದಾ ಬಾಯಿ ಕಟ್ಟುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ, ಕುಡಿಯದೆ ಇದ್ದವರಿಗಿಂತ ಹೆಚ್ಚು ಐಸ್‌ಕ್ರೀಮ್ ತಿಂದರು. ಪಥ್ಯ ಮುರಿದಿತ್ತು, ಇನ್ನು ಲೆಕ್ಕವೇಕೆ? ನಮ್ಮ ಗಾದೆಯೇ.

ಇದನ್ನು ಚಟಗಳಿಗೆ ಅನ್ವಯಿಸಿ ಇಡೀ ಶಾಸ್ತ್ರವನ್ನೇ ಕಟ್ಟಿದವನು ಸಿಯಾಟಲ್‌ನಲ್ಲಿ ಪಾಠ ಹೇಳುತ್ತಿದ್ದ ಅಲನ್ ಮಾರ್ಲಟ್. 1973ರ ಅವನ ಪ್ರಯೋಗವೊಂದು ತಮಾಷೆಯದು. ಕೆಲವರಿಗೆ ವೋಡ್ಕಾ ಎಂದು ಹೇಳಿ ಬರೀ ಟಾನಿಕ್ ನೀರು, ಕೆಲವರಿಗೆ ಟಾನಿಕ್ ಎಂದು ಹೇಳಿ ವೋಡ್ಕಾ ಬೆರೆಸಿದ್ದು. ಹೆಚ್ಚು ಕುಡಿದವರು ವೋಡ್ಕಾ ಹೊಟ್ಟೆಗಿಳಿದವರಲ್ಲ, ವೋಡ್ಕಾ ಎಂದು ನಂಬಿದವರು. ಹಾಗಾದರೆ ಹಿಡಿತ ತಪ್ಪಿಸುವುದರಲ್ಲಿ ನಂಬಿಕೆಯ ಪಾಲು ದೊಡ್ಡದು. 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ತಂದ ಪುಸ್ತಕದಲ್ಲಿ ಮಾರ್ಲಟ್ ಎರಡು ಮಾತುಗಳನ್ನು ಬೇರ್ಪಡಿಸಿದ: ಕಾಲು ಜಾರುವುದು ಬೇರೆ, ಹಳ್ಳಕ್ಕೆ ಬೀಳುವುದು ಬೇರೆ. ಒಂದನ್ನು ಇನ್ನೊಂದಾಗಿಸುವುದಕ್ಕೆ ಅವನು ಕೊಟ್ಟ ಹೆಸರನ್ನು ಕನ್ನಡದಲ್ಲಿ ವ್ರತಭಂಗದ ಪರಿಣಾಮ ಎನ್ನಬಹುದು. ಒಂದು ಸಿಗರೇಟನ್ನು 'ನಾನೇ ಇಂಥವನು, ನನ್ನಿಂದಾಗದು' ಎಂದು ಓದಿಕೊಂಡವನು ಬೀಳುತ್ತಾನೆ. 'ಮದುವೆ, ಹಳೇ ಗೆಳೆಯ, ನಿದ್ದೆಗೆಟ್ಟ ರಾತ್ರಿ' ಎಂದು ಓದಿಕೊಂಡವನಿಗೆ ಎದ್ದು ನಿಲ್ಲುವ ದಾರಿಯಿದೆ.

ತುಡಿತದ ಮೇಲೆ ಸವಾರಿ ಮಾಡುವ ಉಪಾಯವೂ ಮಾರ್ಲಟ್‌ನದೇ. ಸಿಗರೇಟು ಬಿಡಲು ಹೆಣಗುತ್ತಿದ್ದ ಒಬ್ಬನಿಗೆ ಸರ್ಫಿಂಗ್ ಗೊತ್ತಿತ್ತು. ಆಸೆಯನ್ನು ಅಲೆಯಂತೆ ಹತ್ತಿ ಇಳಿ ಎಂದು ಅವನಿಗೆ ಹೇಳಿಕೊಟ್ಟ. ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಕಲಿಯುವ ಹುಡುಗರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆಗೆ ಎದೆಕೊಟ್ಟು ನಿಂತವನನ್ನು ಅದು ಮಗುಚುತ್ತದೆ, ಹಲಗೆಯ ಮೇಲೆ ಮೈಯ ತೂಕ ಹಂಚಿಕೊಂಡವನನ್ನು ದಡಕ್ಕೆ ಒಯ್ಯುತ್ತದೆ. ಮಾಡುವುದು ಇಷ್ಟೇ: ತುಡಿತ ಮೈಯಲ್ಲಿ ಎಲ್ಲಿದೆ ನೋಡುವುದು. ನನಗೆ ಅದು ಗಂಟಲಿನ ಬುಡದಲ್ಲಿ ಮತ್ತು ಬಲಗೈಯ ಎರಡು ಬೆರಳಲ್ಲಿ ಇರುತ್ತಿತ್ತು. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಬೆರಳು ಏನನ್ನೋ ಹುಡುಕುತ್ತಿತ್ತು. ಸುಮ್ಮನೆ ಗಮನಿಸುತ್ತ ನಿಂತರೆ ಬಿಲ್ಲು ಕೊಡುವಷ್ಟರಲ್ಲಿ ಅರ್ಧ ಇಳಿದಿರುತ್ತಿತ್ತು. ಎಲ್ಲ ದಿನವೂ ಅಲ್ಲ.

ಹಲ್ಲು ಕಚ್ಚಿ ತಡೆಯುವುದೇ ಸರಿ ಎನ್ನುವವರಿಗೂ ಒಂದು ಕಾಲ ಬಂದಿತ್ತು. ರಾಯ್ ಬಾಮೈಸ್ಟರ್ 1998ರಲ್ಲಿ ಮನೋಬಲ ಬಳಸಿದಷ್ಟೂ ಬರಿದಾಗುವ ಇಂಧನ ಎಂದ. ಪುಸ್ತಕಗಳು ಬಂದವು, ಭಾಷಣಗಳಾದವು. 2016ರಲ್ಲಿ ಹಲವು ಪ್ರಯೋಗಶಾಲೆಗಳು ಒಟ್ಟಾಗಿ ಅದನ್ನು ಮರುಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಶೂನ್ಯ.

ನಿರ್ಧಾರದ ಕಡೆಯಿಂದ ಬಂದ ಹೊಳೆ ಬೇರೆ. 1977ರಲ್ಲಿ ಇರ್ವಿಂಗ್ ಜ್ಯಾನಿಸ್ ಮತ್ತು ಲಿಯೋನ್ ಮ್ಯಾನ್ ಲಾಭನಷ್ಟದ ಹಾಳೆಯೊಂದನ್ನು ಬಳಕೆಗೆ ತಂದರು. ಮುಂದೆ ಚಟ ಬಿಡಿಸುವ ಕೇಂದ್ರಗಳಲ್ಲಿ ಅದು ನಾಲ್ಕು ಚೌಕಗಳಾಗಿ ನಿಂತಿತು: ಕುಡಿದರೆ ಏನು ಸುಖ, ಏನು ಕೇಡು, ಬಿಟ್ಟರೆ ಏನು ಸುಖ, ಏನು ಕಷ್ಟ. ಕುಡಿತದಲ್ಲಿ ಸುಖವೂ ಇದೆ ಎಂದು ರೋಗಿಯ ಎದುರೇ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. 1983ರಲ್ಲಿ ವಿಲಿಯಂ ಮಿಲ್ಲರ್ ಇನ್ನೊಂದು ಹೆಜ್ಜೆ ಹೋಗಿ, ಬಿಡಬೇಕಾದ ಕಾರಣವನ್ನು ವೈದ್ಯ ಹೇಳುವುದಲ್ಲ, ರೋಗಿಯ ಬಾಯಿಂದಲೇ ಬರಬೇಕು ಎಂದ. ವಿಚಿತ್ರವೆಂದರೆ ಆ ನಾಲ್ಕು ಚೌಕಗಳ ಮೇಲೆ ಅನುಮಾನ ಎತ್ತಿದವನೂ ಅವನೇ. 2015ರಲ್ಲಿ ಗ್ಯಾರಿ ರೋಸ್ ಜೊತೆ ಬರೆಯುತ್ತ, ಮನಸ್ಸು ಇನ್ನೂ ಡೋಲಾಯಮಾನವಾಗಿರುವವನಿಂದ ಎರಡೂ ಕಡೆ ಸಮವಾಗಿ ಬರೆಸಿದರೆ ಬಿಡುವ ಸಂಕಲ್ಪ ಇನ್ನಷ್ಟು ಸಡಿಲವಾಗಬಹುದು ಎಂದು ಎಚ್ಚರಿಸಿದ. ಈ ಕ್ಷೇತ್ರದಲ್ಲಿ ನನಗೆ ಮೆಚ್ಚುಗೆಯಾಗುವುದು ಇಂಥ ನಡೆ.

ಕರುಣೆ ಎಂಬ ಮಾತು ಪ್ರಯೋಗಶಾಲೆಗೆ ಬಂದದ್ದು ಕೊನೆಗೆ. ಕ್ರಿಸ್ಟಿನ್ ನೆಫ್ 2003ರಲ್ಲಿ ತನ್ನ ಮೇಲಿನ ಕರುಣೆಯನ್ನು ಅಳೆಯುವ ಮಾಪಕ ತಂದಳು. ತನ್ನನ್ನು ಬೈದುಕೊಳ್ಳದಿರುವುದು, ಈ ಕಷ್ಟ ನನ್ನೊಬ್ಬಳದಲ್ಲ ಎಂಬ ಅರಿವು, ಆದದ್ದನ್ನು ಇದ್ದಂತೆ ನೋಡುವುದು ಅದರ ಮುಖಗಳು. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ 84 ವಿದ್ಯಾರ್ಥಿನಿಯರೊಂದಿಗೆ ಮಾಡಿದ ಪ್ರಯೋಗದಲ್ಲಿ ಮಿಲ್ಕ್‌ಶೇಕ್ ಬದಲು ಡೋನಟ್. ತಿಂದ ಮೇಲೆ ಕೆಲವರಿಗೆ ಮಾತ್ರ, ಎಲ್ಲರೂ ಒಮ್ಮೊಮ್ಮೆ ಇಂಥದ್ದು ತಿನ್ನುತ್ತಾರೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂಬರ್ಥದ ಮಾತು. ಆಮೇಲೆ ಮಿಠಾಯಿಯ ಬಟ್ಟಲು. ಬಾಯಿ ಕಟ್ಟುವ, ತಿಂದರೆ ಕೊರಗುವ ಹುಡುಗಿಯರಲ್ಲಿ ಆ ಮಾತು ಕೇಳಿಸಿಕೊಂಡವರು ಕಡಿಮೆ ಮಿಠಾಯಿ ತಿಂದರು. ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂಬ ನಮ್ಮ ಹಿರಿಯರ ಭಯ ಇಲ್ಲಿ ತಿರುವುಮುರುವು. ಪ್ರಯೋಗ ಸಣ್ಣದು, ಡೋನಟ್ ಹೆರಾಯಿನ್ ಅಲ್ಲ. ಇದರ ಮೇಲೆ ಗೋಪುರ ಕಟ್ಟಬಾರದು.

ಸ್ವಲ್ಪ ಗಟ್ಟಿಯಾದ ಪುರಾವೆಯ ಬೇರು ನಮ್ಮ ದೇಶಕ್ಕೇ ಬರುತ್ತದೆ. ಮಾಂಡಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಭಾರತಕ್ಕೆ ತಂದ ವಿಪಸ್ಸನವನ್ನು 1994ರಲ್ಲಿ ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕಲಿತರು. ಅದೇ ಪದ್ಧತಿ ಸಿಯಾಟಲ್‌ನ ಜೈಲಿಗೆ ಹೋದಾಗ ಮಾರ್ಲಟ್‌ನ ತಂಡ ಅದನ್ನು ಅಧ್ಯಯನ ಮಾಡಿತು. ಅದರಿಂದ ಹುಟ್ಟಿದ ಚಿಕಿತ್ಸೆಯನ್ನು ಸಾರಾ ಬೊವೆನ್ ಮತ್ತು ಸಂಗಡಿಗರು 286 ಮಂದಿಯ ಮೇಲೆ ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಆರು ತಿಂಗಳಲ್ಲಿ ಹಳೆಯ ಮಾರ್ಲಟ್ ಪದ್ಧತಿಗೂ ಇದಕ್ಕೂ ಸಮಸಮ; ಒಂದು ವರ್ಷದ ಹೊತ್ತಿಗೆ ಧ್ಯಾನ ಬೆರೆಸಿದ ಪದ್ಧತಿ ತುಸು ಮುಂದೆ. ಗೋವೆಯ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರಲ್ಲಿ ಅರ್ಧ ಜನರ ಜೊತೆ ತರಬೇತಿ ಪಡೆದ ಸಾಮಾನ್ಯ ಜನರೇ ಕೂತು ಮಾತಾಡಿದರು, ಹೆಚ್ಚೆಂದರೆ ನಾಲ್ಕು ಸಲ. ಮೂರು ತಿಂಗಳಿಗೆ ಅವರಲ್ಲಿ ಶೇ. 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು, ಉಳಿದವರಲ್ಲಿ ಶೇ. 26.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅಲ್ಲಿ ಬೇಕಾದದ್ದು ಆಸ್ಪತ್ರೆ, ಅಲೆಯ ಸವಾರಿಯಲ್ಲ. ಇನ್ನೊಂದು ಗೀಳಿನ ವಿಷಯ. "ಬಾಗಿಲು ಹಾಕಿದೀನಾ?" ಎಂದು ಹತ್ತನೇ ಸಲ ಕೇಳುವ ಗಂಡನಿಗೆ "ಹಾಕಿದೀರಿ, ಮಲಗ್ರೀ" ಎಂದು ಹೆಂಡತಿ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಉತ್ತರವೇ ಗೀಳಿಗೆ ಮೇವು. ಚಿಕಿತ್ಸಕರು ಅವಳಿಗೆ ಕಲಿಸುವುದು ಬೈಯದೆ, ಆದರೆ ಉತ್ತರವನ್ನೂ ಕೊಡದೆ, ಅವನ ಪಕ್ಕ ಕೂರುವುದನ್ನು.

ಈಗಿನ ಕಗ್ಗಂಟು ಮೊಬೈಲಿನದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಚಟಕ್ಕೂ ಜಾಗವಿದೆ. ಆದರೆ ಇಲ್ಲಿಯವರೆಗಿನ ಶಾಸ್ತ್ರವೆಲ್ಲ ನಿಂತದ್ದು ಕೆಣಕುವವರಿಲ್ಲದಿದ್ದರೆ ತುಡಿತ ಇಳಿಯುತ್ತದೆ ಎಂಬುದರ ಮೇಲೆ. ರೀಲ್ಸ್ ನೋಡುವ ಹುಡುಗನ ಕೈಯಲ್ಲಿರುವುದು ಒಂದು ಅಲೆ ಇಳಿಯುವ ಮೊದಲೇ ಇನ್ನೊಂದನ್ನು ಎಬ್ಬಿಸುವ ಯಂತ್ರ, ಮತ್ತು ಅವನ ಆನ್‌ಲೈನ್ ಕ್ಲಾಸು ನಡೆಯುವುದೂ ಅದರಲ್ಲೇ. ಮೇಯರ್ ಕೋಣೆಯ ನಲ್ಲಿಯನ್ನು ಬಂದ್ ಮಾಡಿಸಿದ್ದ. ಈ ನಲ್ಲಿಯ ಕೀಲಿ ರೋಗಿಯ ಕೈಯಲ್ಲೂ ಇಲ್ಲ, ವೈದ್ಯರ ಕೈಯಲ್ಲೂ ಇಲ್ಲ.